ಸಾಹೇಬರ ಸುತ್ತ ಒಂದಷ್ಟು ಖಾಲಿ ಜಾಗ

ನಮ್ಮ ಪಕ್ಕದ ಮನೆಯ ಪೊಲೀಸ್ ಸಾಹೇಬರು ನಿವೃತ್ತರಾದ ಮೇಲೆ ಚುನಾವಣೆಗೆ ನಿಂತದ್ದು ಯಾಕೆ ಎಂದು ಈಗಲೂ ನನ್ನನ್ನು ಕೇಳುವವರಿದ್ದಾರೆ. ನಾನು ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದ್ದೇನೆ. ಒಬ್ಬರಿಗೆ ಜನಸೇವೆ, ಇನ್ನೊಬ್ಬರಿಗೆ ನಿವೃತ್ತಿಯ ಬೇಸರ, ಸಾಹೇಬರನ್ನು ಕಂಡರಾಗದವರಿಗೆ ಕುರ್ಚಿಯ ಆಸೆ. ಎಲ್ಲ ಕಾರಣಗಳೂ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಹೊಂದಿಕೊಳ್ಳುತ್ತವೆ ಎಂಬುದಕ್ಕೇ ನನಗೆ ಅವುಗಳ ಮೇಲೆ ಅನುಮಾನ. ನನಗೆ ಗೊತ್ತಿರುವ ಕಾರಣ ನಮ್ಮ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದು ಕ್ಷೌರದಂಗಡಿಯಲ್ಲಿ ಹುಟ್ಟಿದ್ದು.

ಸಾಹೇಬರು ನಿವೃತ್ತರಾದ ಮೇಲಿನ ಒಂದು ಭಾನುವಾರ. ಅಂಗಡಿಯ ಬೆಂಚಿನ ಮೇಲೆ ಜನ ಒತ್ತಾಗಿ ಕೂತಿದ್ದರು. ಸಾಹೇಬರು ಒಳಗೆ ಬಂದರು. ಮೈಮೇಲೆ ಯೂನಿಫಾರ್ಮ್ ಇಲ್ಲ, ಮಾಮೂಲಿ ಅಂಗಿ, ಕಾಲಲ್ಲಿ ರಬ್ಬರ್ ಚಪ್ಪಲಿ. ಬೆಂಚಿಗೆ ಬೆಂಚೇ ಎದ್ದು ನಿಂತಿತು. ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯೂ ಕುತ್ತಿಗೆಗೆ ಸುತ್ತಿದ್ದ ಬಟ್ಟೆಯ ಸಮೇತ ಎದ್ದ.

"ವಾಂಗ ಸಾರ್, ಉಕ್ಕಾರುಂಗ," ಎಂದು ಅಂಗಡಿಯವನು ತಮಿಳಿನಲ್ಲಿ ಕೂರಲು ಕರೆದು ಕುರ್ಚಿ ಒರೆಸಿದ.

"ನನ್ನ ಸರದಿ ಬರ್ಲಿ. ಕಾಯ್ತೀನಿ," ಎಂದು ಸಾಹೇಬರು ಬೆಂಚಿನ ಮೇಲೆ ಕೂತು ಪೇಪರ್ ತೆಗೆದುಕೊಂಡರು. ಅವರ ಆಚೆ ಈಚೆ ಯಾರೂ ಕೂರಲಿಲ್ಲ. ಎಲ್ಲರೂ ಗೋಡೆಗೆ ಒರಗಿ ನಿಂತರು. ಅರ್ಧ ಗಡ್ಡದವನಂತೂ "ನಂಗೇನ್ ಅವಸರ ಇಲ್ಲ ಸಾ" ಎಂದು ಸೋಪು ಒಣಗುತ್ತಿದ್ದರೂ ಕುರ್ಚಿಯ ಕಡೆ ತಿರುಗಲಿಲ್ಲ. ಕೊನೆಗೆ ಊರಿನ ಕೆಲಸ ನಡೆಯಲಿ ಎಂದು ಸಾಹೇಬರೇ ಹೋಗಿ ಕುರ್ಚಿಯಲ್ಲಿ ಕೂತರು.

ಈ ಪ್ರಸಂಗದಲ್ಲಿ ಒಂದು ತೊಡಕಿದೆ. ಇದನ್ನು ನಾನು ಕಣ್ಣಾರೆ ಕಂಡೆನೋ ಸಾಹೇಬರು ಹೇಳಿದ್ದನ್ನು ಕೇಳಿದೆನೋ ಗೊತ್ತಿಲ್ಲ. ನಾನು ಜೀವಮಾನದಲ್ಲಿ ಭಾನುವಾರ ಕ್ಷೌರಕ್ಕೆ ಹೋದವನಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹಾಗಾದರೆ ಆ ಒಣಗಿದ ಸೋಪು ನನ್ನ ತಲೆಯೊಳಗೆ ಹೇಗೆ ಬಂತು? ಇರಲಿ. ಅವತ್ತು ಸಂಜೆ ನಮ್ಮ ಮನೆಯ ಜಗುಲಿಯ ಮೇಲೆ ಸಾಹೇಬರು ಆಡಿದ ಮಾತು ಮಾತ್ರ ನನ್ನದೇ ಕಿವಿಯಿಂದ ಕೇಳಿದ್ದು.

"ಮೇಷ್ಟ್ರೇ, ಬಂದೋಬಸ್ತಿಗೆ ನಿಂತು ಎಷ್ಟು ಜನ ಲೀಡರುಗಳನ್ನ ನೋಡಿಲ್ಲ ನಾನು? ಜನ ಅವರ ಮೇಲೆ ಬೀಳ್ತಾರೆ ರೀ. ಕೈ ಎಳೀತಾರೆ, ಕಿವೀಲಿ ಏನೋ ಹೇಳ್ತಾರೆ, ಕೂಸನ್ನ ತಂದು ತೋಳಿಗೆ ಹಾಕ್ತಾರೆ. ನನ್ನ ಯೂನಿಫಾರ್ಮಿನ ಇಸ್ತ್ರಿ ಸರ್ವೀಸಿನುದ್ದಕ್ಕೂ ಕೆಡ್ಲಿಲ್ಲ."

"ಅದು ಒಳ್ಳೇದಲ್ವಾ ಸಾರ್?"

"ಏನ್ ಒಳ್ಳೇದು? ಎಲೆಕ್ಷನ್ನಿಗೆ ನಿಲ್ತೀನಿ. ಗೆದ್ರೆ ಗೆದ್ದೆ, ಬಿಟ್ರೆ ಬಿಟ್ಟೆ. ಜನ ಒಂದು ಸಲ ಹತ್ರ ಬರ್ಲಿ. ಕಂಪ್ಲೇಂಟ್ ಇಲ್ದೆ ಬರ್ಲಿ."

ಕಾಂಪೌಂಡಿನ ಆಚೆ ಒಣಗಿದ ಬಟ್ಟೆ ಎತ್ತುತ್ತಿದ್ದ ಅವರ ಹೆಂಡತಿ ಅಲ್ಲಿಂದಲೇ ಕೂಗಿದರು. "ಹತ್ರ ಬರ್ಬೇಕಾದ್ರೆ ಒಂದು ನಾಯಿ ಸಾಕ್ಕೊಳ್ಳಿ ಅಂದೆ ಮೇಷ್ಟ್ರೇ. ಅದು ಆಗಲ್ವಂತೆ, ಎಂಎಲ್ಎ ಆಗ್ಬೇಕಂತೆ."

ಸಾಹೇಬರು ಹುಟ್ಟಿದ್ದು ಕಾಮಸಮುದ್ರದ ಪಕ್ಕದ ಒಂದು ಹಳ್ಳಿಯಲ್ಲಿ. ಹಾಗಾಗಿ ಬಂಗಾರಪೇಟೆ ಕ್ಷೇತ್ರದಿಂದ ಪಕ್ಷೇತರರಾಗಿ ನಾಮಪತ್ರ ಹಾಕಿದರು. ಅವರ ಮನೆ, ಮತ ಎರಡೂ ಇದ್ದದ್ದು ಕೆಜಿಎಫ್‌ನಲ್ಲಿ. ಅಂದರೆ ಅವರು ತಮಗೆ ತಾವೇ ವೋಟು ಹಾಕುವಂತಿರಲಿಲ್ಲ, ಅವರ ಹೆಂಡತಿಯೂ ಹಾಕುವಂತಿರಲಿಲ್ಲ. "ದೇವರು ನನ್ನನ್ನ ಕಾಪಾಡಿದ," ಎಂದರು ಅಮ್ಮಾವ್ರು.

ಚುನಾವಣಾ ಚಿಹ್ನೆಯಾಗಿ ಸಿಕ್ಕಿದ್ದು ಚಪಾತಿ ಮಣೆ ಮತ್ತು ಲಟ್ಟಣಿಗೆ. ಮುದ್ದೆ ತಿನ್ನುವ ಸೀಮೆಯಲ್ಲಿ ಲಟ್ಟಣಿಗೆ. ಅದೂ ಹೋಗಲಿ, ಕರಪತ್ರದ ಅಗ್ಗದ ಮುದ್ರಣದಲ್ಲಿ ಮಣೆ ಮಸುಕಾಗಿ ಲಟ್ಟಣಿಗೆ ಒಂದೇ ಎದ್ದು ಕಾಣುತ್ತಿತ್ತು. ನೋಡಿದವರೆಲ್ಲ, "ಲಾಠಿ ಗುರ್ತಾ ಸಾಮಿ? ಸರಿಯಾಗೈತೆ ಬುಡಿ," ಎನ್ನುತ್ತಿದ್ದರು.

ನಾನು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದವನು. ಒಂದಷ್ಟು ಕತೆ ಬರೆದಿದ್ದೆ. ಆ ಕತೆಗಳಲ್ಲಿ ಏನಾಗುತ್ತದೆ ಎಂದು ಓದಿದ ನಾಲ್ಕಾರು ಮಂದಿಗೂ ತಿಳಿದಿರಲಿಲ್ಲ. ಆದರೂ ಬರೆಯುವವನು ಎಂಬ ಹೆಸರಿತ್ತಲ್ಲ, ಭಾಷಣ ಬರೆಯುವ ಕೆಲಸ ನನಗೇ ಬಂತು. "ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾನು ನಿಮ್ಮವನು" ಎಂದು ಶುರುಮಾಡಿ ಬರೆದುಕೊಟ್ಟೆ. ಸಾಹೇಬರು ಕನ್ನಡಕ ಹಾಕಿಕೊಂಡು ಓದಿ, "ಆಧಾರ ಇಲ್ಲದ ಮಾತು ಜಾಸ್ತಿ ಇದೆ" ಎಂದು ತಿದ್ದಿದರು. ತಿದ್ದಿದ ಮೇಲೆ ಅದು ಹೀಗಾಯಿತು:

"ಸದರಿ ಗ್ರಾಮಕ್ಕೆ ಖುದ್ದು ಭೇಟಿ ನೀಡಿ ಪರಿಶೀಲಿಸಲಾಗಿ, ರಸ್ತೆ ಕಿತ್ತುಹೋಗಿರುವುದು ಕಂಡುಬಂದಿರುತ್ತದೆ. ಹಾಜರಿದ್ದ ಮಹಿಳೆಯರನ್ನು ವಿಚಾರಿಸಲಾಗಿ, ನೀರು ಬರುತ್ತಿಲ್ಲವೆಂದು ಹೇಳಿಕೆ ನೀಡಿರುತ್ತಾರೆ. ಆದ್ದರಿಂದ ಮೇಲ್ಕಂಡ ಎಲ್ಲರೂ ನನಗೆ ಮತ ನೀಡತಕ್ಕದ್ದು."

"ಕೊನೇದು ಸ್ವಲ್ಪ ಬೆದರಿಸಿದ ಹಾಗಿದೆ ಸಾರ್," ಎಂದೆ.

"ಹೌದಾ?" ಎಂದು ಅವರು ನಿಜಕ್ಕೂ ಗಾಬರಿಯಾಗಿ, "ನೀಡತಕ್ಕದ್ದು" ಎಂಬುದನ್ನು ಹೊಡೆದು, "ನೀಡಲು ಕೋರಿದೆ" ಎಂದು ಬರೆದರು.

ಆದರೆ ಭಾಷಣದಿಂದ ಕೆಟ್ಟದ್ದು ಕಡಿಮೆ. ಕೆಡಿಸಿದವರು ಅವರನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ ನಿವೃತ್ತ ಪೇದೆಗಳು. ಸಾಹೇಬರಿಗೆ ಪಕ್ಷ ಇರಲಿಲ್ಲ, ಕಾರ್ಯಕರ್ತರು ಇರಲಿಲ್ಲ. ಇದ್ದದ್ದು ಹಿಂದೆ ಅವರ ಕೈಕೆಳಗೆ ದುಡಿದ ಹಳಬರ ಒಂದು ದಂಡು. ಅದರ ಮುಖಂಡ ಚಾಂಪಿಯನ್ ರೀಫ್ಸ್‌ನ ಹಳೆಯ ಗಣಿ ಕಾಲೋನಿಯಲ್ಲಿದ್ದ ಒಬ್ಬ ಹೆಡ್ ಕಾನ್ಸ್‌ಟೇಬಲ್. ಅವನನ್ನು ಎಲ್ಲರೂ ದಫೇದಾರ್ ಎಂದೇ ಕರೆಯುತ್ತಿದ್ದರು. ಮನೆಮಾತು ತಮಿಳು, ಬೈಗುಳ ತೆಲುಗು, ವರದಿ ಒಪ್ಪಿಸುವುದು ಕನ್ನಡ. ಪ್ರಚಾರದ ಮೊದಲ ದಿನ ಬೆಳಿಗ್ಗೆ ಸಾಹೇಬರ ಮನೆ ಮುಂದೆ ಇವರೆಲ್ಲ ಸಾಲಾಗಿ ನಿಂತಿದ್ದರು. ಹೊಟ್ಟೆ ಬಂದವರು, ಮಂಡಿನೋವಿನವರು, ಒಬ್ಬನಿಗೆ ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ.

"ಎಲ್ಲರೂ ಹಾಜರ್ ಸಾರ್!" ಎಂದು ದಫೇದಾರ್ ಸೆಲ್ಯೂಟ್ ಹೊಡೆದ. ಸಾಹೇಬರ ಕೈಯೂ ತಾನಾಗಿಯೇ ಮೇಲೆ ಹೋಯಿತು.

"ಸಾರ್, ಇನ್ಮೇಲೆ ಕೈ ಮುಗೀಬೇಕು," ಎಂದು ನಾನು ನೆನಪಿಸಿದೆ. ಸಾಹೇಬರು ಕೈ ಮುಗಿದರು. ಎದುರಿಗಿದ್ದ ದಂಡು ಎದೆ ಒಡೆದಂತೆ ನೋಡಿತು. ಕಪ್ಪು ಕನ್ನಡಕದವನು ಕಣ್ಣೊರೆಸಿಕೊಂಡ. ಅದು ಆಪರೇಷನ್ನಿನ ನೀರೂ ಇರಬಹುದು.

ಮೊದಲ ಹಳ್ಳಿ ಕಾಮಸಮುದ್ರದ ರಸ್ತೆಯಲ್ಲಿ. ನಮ್ಮ ಜೀಪು ಊರೊಳಗೆ ನುಗ್ಗಿದಾಗ ಹೊಂಗೆ ಮರದಡಿ ಒಂದು ಗುಂಪು ಇಸ್ಪೀಟು ಆಡುತ್ತಿತ್ತು. ಜೀಪು ಕಂಡದ್ದೇ ತಡ, "ಬಂದ್ರು ಕಣ್ಲಾ!" ಎಂದು ಯಾರೋ ಕೂಗಿದ. ಗುಂಪು ದಿಕ್ಕಾಪಾಲಾಗಿ ಓಡಿತು. ಅವರು ಓಡಿದ್ದು ತಪ್ಪಲ್ಲ. ನಮ್ಮವರು ಬೆನ್ನಟ್ಟಿದ್ದು ತಪ್ಪು. ಜೀಪು ನಿಲ್ಲುವುದಕ್ಕೂ ಮುಂಚೆ ಮಂಡಿನೋವಿನವರೆಲ್ಲ ಧುಮುಕಿ, ಟೊಮೇಟೊ ತೋಟದ ಕಡ್ಡಿಗಳ ನಡುವೆ ನುಗ್ಗಿ, ಇಬ್ಬರನ್ನು ರೆಟ್ಟೆ ಹಿಡಿದು ಎಳೆದು ತಂದರು.

"ಸಿಕ್ಕಿದಾರೆ ಸಾರ್!" ದಫೇದಾರ್ ಏದುಸಿರು ಬಿಡುತ್ತಿದ್ದ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ.

"ಬಿಡ್ರೀ! ವೋಟ್ ಕೇಳೋಕೆ ಬಂದಿರೋದು!"

ದಫೇದಾರ್ ಒಂದು ಗಳಿಗೆ ಯೋಚಿಸಿ, ಹಿಡಿತ ಬಿಡದೆಯೇ ಹೇಳಿದ. "ಇವ್ರನ್ನೂ ಕೇಳಿ ಸಾರ್. ಹೆಂಗೂ ಸಿಕ್ಕಿದಾರೆ."

ಸಾಹೇಬರು ಆ ಇಬ್ಬರಿಗೆ ಕೈ ಮುಗಿದರು. ಒಬ್ಬ, "ನಾನ್ ಆಡ್ತಿರಲಿಲ್ಲ ಸಾಮಿ, ನೋಡ್ತಿದ್ದೆ ಅಷ್ಟೆ," ಎಂದ. ಇನ್ನೊಬ್ಬ, "ಎಲ್ಲಿ ಸೈನ್ ಆಕ್ಬೇಕು?" ಎಂದು ಕೇಳಿದ.

ಅಲ್ಲಿಂದ ಸಾಹೇಬರ ಹುಟ್ಟೂರಿಗೆ ಹೋದೆವು. ಡೇರಿಗೆ ಹಾಲು ಹಾಕುವ ಹೊತ್ತು. ಹೆಂಗಸರು, ಗಂಡಸರು ಕ್ಯಾನು ಹಿಡಿದು ಡೇರಿಯ ಮುಂದೆ ನೆರೆದಿದ್ದರು. ಜನ ತಾವಾಗಿಯೇ ಸೇರಿದ್ದ ಜಾಗ, ಹುಟ್ಟಿದ ಊರು, ಓಡಿಹೋಗುವ ಹಾಗೂ ಇಲ್ಲ, ಕೈಯಲ್ಲಿ ಹಾಲಿದೆ. ಸಾಹೇಬರ ಮುಖ ಅರಳಿತು. ಜೀಪಿನಿಂದ ಇಳಿದು ಎರಡು ಹೆಜ್ಜೆ ಇಟ್ಟರು. ಅಷ್ಟರಲ್ಲಿ ನಮ್ಮವರು ಕೆಲಸ ಶುರುಮಾಡಿಬಿಟ್ಟಿದ್ದರು.

ಬಂದೋಬಸ್ತಿನ ಪೇದೆ ಲೀಡರಿಗೆ ಬೆನ್ನು ಹಾಕಿ, ಜನಕ್ಕೆ ಮುಖ ಕೊಟ್ಟು ನಿಲ್ಲುತ್ತಾನೆ. ಕೈಗೆ ಕೈ ಬೆಸೆದು ಸರಪಳಿ ಮಾಡುತ್ತಾನೆ. ಜನ ಮುಂದೆ ಬಂದರೆ ಎದೆಯಿಂದ ಹಿಂದಕ್ಕೆ ತಳ್ಳುತ್ತಾನೆ. ಸರ್ವೀಸಿನುದ್ದಕ್ಕೂ ಇದನ್ನೇ ಮಾಡಿದವರಿಗೆ ಈಗ ತಾವು ಕಾಯುತ್ತಿರುವುದು ವೋಟು ಬೇಡಲು ಬಂದವನನ್ನು ಎಂಬುದು ತಲೆಗೆ ಹೋಗಿರಬಹುದು, ಮೈಗೆ ಹೋಗಿರಲಿಲ್ಲ. ಸಾಹೇಬರ ಸುತ್ತ ಒಂದು ಗುಂಡನೆಯ ಖಾಲಿ ಜಾಗ ತಯಾರಾಯಿತು. ಅದರ ನಡುವೆ ಅವರು ಕೈ ಮುಗಿದುಕೊಂಡು ಒಬ್ಬರೇ ನಿಂತರು.

ಒಬ್ಬ ಮುದುಕಿ ತಟ್ಟೆಯಲ್ಲಿ ಕುಂಕುಮದ ನೀರು, ವೀಳ್ಯದೆಲೆ ಹಿಡಿದು ಬಂದಳು. ಸಾಹೇಬರ ಹಳೆಯ ಮನೆಯ ಎದುರುಮನೆಯವಳು. ಊರಿನವನು ಊರಿಗೆ ಬಂದಾಗ ದೃಷ್ಟಿ ತೆಗೆಯದೆ ಒಳಗೆ ಬಿಡುವ ಪದ್ಧತಿ ಅಲ್ಲಿಲ್ಲ.

"ಇಂದೆ ನಿಲ್ಲಮ್ಮಾ, ಇಂದೆ, ಇಂದೆ," ಎಂದ ದಫೇದಾರ್.

"ಯಾಕ್ ನಿಲ್ಲಬೇಕ್ಲಾ? ಆರ್ತಿ ಎತ್ತಬೇಕು."

"ದೂರದಿಂದ ಎತ್ತಮ್ಮಾ."

"ದೂರದಿಂದ ಎತ್ತೋಕೆ ಅವ್ನೇನು ಬೆಟ್ಟದ್ ಮೇಲಿನ್ ದೇವ್ರಾ? ಅವ್ನು ಚಡ್ಡಿ ಇಲ್ದೆ ನಮ್ ತಿಪ್ಪೆ ಮೇಲೆ ಓಡಾಡ್ತಿದ್ದಾಗ್ಲಿಂದ ನೋಡಿದೀನಿ ಕಣ್ಲಾ ನಾನು. ಬುಡ್ಲಾ ದಾರಿ!"

"ಸಾರ್ ಬಗ್ಗೆ ಮರ್ಯಾದೆಯಿಂದ ಮಾತಾಡಮ್ಮಾ!"

"ನಿಮ್ ಸಾರ್ ನಮ್ ಎಮ್ಮೆ ಕೊಂಬಿಗೆ ಎದರಿ ನನ್ ಸೀರೆ ಇಂದೆ ಬಚ್ಚಿಟ್ಕಣೋನು. ಕೇಳ್ಲಾ ಅವನ್ನೇ!"

ಡೇರಿಯ ಮುಂದೆ ನಿಂತವರೆಲ್ಲ ನಗಲು ತೊಡಗಿದ್ದರು. ಸಾಹೇಬರೂ ನಗುತ್ತಿದ್ದರು. ಒಂದು ಹೆಜ್ಜೆ ಮುಂದಿಟ್ಟು, "ರೀ ದಫೇದಾರ್, ಬಿಡಿ ಅವ್ರನ್ನ" ಎಂದರು. ಸಾಹೇಬರ ದನಿ ಬೆನ್ನ ಹಿಂದಿನಿಂದ ಬಂದದ್ದೇ ದಫೇದಾರ್ ಸಟಕ್ಕನೆ ತಿರುಗಿ ಅಟೆನ್ಷನ್ ಆಗಿ ಸೆಲ್ಯೂಟ್ ಹೊಡೆದ. ಮೊಣಕೈ ತಟ್ಟೆಗೆ ಬಡಿಯಿತು. ಕುಂಕುಮದ ನೀರೆಲ್ಲ ಮುದುಕಿಯ ಸೀರೆಯ ಮೇಲೆ ಚೆಲ್ಲಿತು. ಅವಳು ಕೆಂಪಾದ ಸೀರೆಯನ್ನೊಮ್ಮೆ, ಸಾಹೇಬರನ್ನೊಮ್ಮೆ ನೋಡಿ, ಹೊರಟುಹೋದಳು. ಕೇಳಿಸಿಯೂ ಕೇಳಿಸದಷ್ಟು ದೂರ ಹೋದ ಮೇಲೆ, "ಪೊಲೀಸ್ನೋರು ಪೊಲೀಸ್ನೋರೇ" ಎಂದಳಂತೆ. ನನ್ನ ಕಿವಿಗೆ ಅದು ಬೀಳಲಿಲ್ಲ. ಸಾಹೇಬರಿಗೆ ಕೇಳಿಸಿತಂತೆ.

ಮನೆಗೆ ಬಂದ ಮೇಲೆ ಸಾಹೇಬರು ಎಲ್ಲರನ್ನೂ ಅಂಗಳದಲ್ಲಿ ಕೂರಿಸಿ ಟೀ ಕೊಡಿಸಿದರು. "ನೋಡ್ರಪ್ಪಾ, ಜನ ನನ್ನ ಹತ್ರ ಬರ್ಬೇಕು. ಅದಕ್ಕೇ ಇದೆಲ್ಲ ಮಾಡ್ತಿರೋದು. ನೀವು ಅವರನ್ನ ತಳ್ಳಬಾರದು."

"ಯಾರಾದ್ರೂ ಮೈ ಮುಟ್ಟಿದ್ರೆ ಸಾರ್?"

"ಮುಟ್ಲಿ."

ದಫೇದಾರ್ ಟೀ ಲೋಟ ಕೆಳಗಿಟ್ಟ. "ಬೆನ್ನು ತಿರುಗಿಸಿ ನಿಂತಿದ್ದಕ್ಕೇ ಇಂಗಾಗಿದ್ದು ಸಾರ್," ಎಂದು ಬಹಳ ಯೋಚಿಸಿ ಹೇಳಿದ. "ನಾಳೆಯಿಂದ ನಿಮ್ ಕಡೆ ಮುಖ ಮಾಡಿ ನಿಲ್ತೀವಿ."

ಇದು ಒಳ್ಳೆಯ ಪರಿಹಾರ ಎಂದು ನಮಗೆಲ್ಲ ಅನ್ನಿಸಿತು. ನನಗೂ ಅನ್ನಿಸಿತು, ಇದನ್ನು ಬಚ್ಚಿಡುವುದಿಲ್ಲ.

ಮರುದಿನ ಬಂಗಾರಪೇಟೆ ಬಜಾರಿನಲ್ಲಿ ಪಾದಯಾತ್ರೆ. ಗಟ್ಟಿಮುಟ್ಟಾದ ಹಳಬರು ಸಾಹೇಬರ ಸುತ್ತ ವೃತ್ತವಾಗಿ ನಿಂತು, ಅವರನ್ನೇ ನೆಟ್ಟ ಕಣ್ಣಿನಿಂದ ನೋಡುತ್ತ, ಪಕ್ಕದಲ್ಲಿದ್ದವರು ಪಕ್ಕಕ್ಕೆ, ಮುಂದಿದ್ದವರು ಹಿಮ್ಮುಖವಾಗಿ ನಡೆದರು. ಸಾಹೇಬರು ನಡುವೆ ತಲೆ ತಗ್ಗಿಸಿ ಬರುತ್ತಿದ್ದರು, ರಸ್ತೆಯಲ್ಲಿ ಗುಂಡಿ ಜಾಸ್ತಿ. ಎರಡು ಕಡೆಯ ಅಂಗಡಿಗಳವರು ಎದ್ದು ನಿಂತು ನೋಡಿದರು.

"ಯಾರ್ನೋ ಇಡ್ಕಂಡ್ ಬತ್ತಾವ್ರೆ ನೋಡ್ಲಾ," ಎಂದ ಒಬ್ಬ.

"ಏನ್ ಕೇಸಂತೆ?"

"ನೋಡೋಕೆ ಒಳ್ಳೆ ಮನೆತನದೋನ್ ಕಂಡಂಗವ್ನೆ, ಪಾಪ."

ಆ 'ಪಾಪ' ಎನ್ನುವ ಮಾತಿನಲ್ಲಿ ಒಂದು ವೋಟು ಇದ್ದಿರಬಹುದು ಎಂದು ನನಗೆ ಆಮೇಲೆ ಅನ್ನಿಸಿದೆ.

ಕೊನೆಯ ದಿನದ ಬಹಿರಂಗ ಸಭೆಯೂ ಅಲ್ಲೇ, ರೈಲ್ವೆ ಸ್ಟೇಷನ್ನಿನಿಂದ ಸ್ವಲ್ಪ ಈಚೆ. ಬೆಂಗಳೂರಿನ ಕೆಲಸ ಮುಗಿಸಿ ಸಂಜೆ ರೈಲಿನಲ್ಲಿ ಇಳಿಯುವವರು ಅದೇ ದಾರಿಯಲ್ಲಿ ಹಾದುಹೋಗಬೇಕು, ಸಭೆ ತಾನೇ ತುಂಬುತ್ತದೆ ಎಂಬುದು ನನ್ನ ಲೆಕ್ಕಾಚಾರ. ಸಾಹೇಬರು ವೇದಿಕೆ ಹತ್ತಿದರು. ಎದುರಿಗೆ ಖಾಲಿ ಕುರ್ಚಿಗಳು. ರೈಲು ಬಂದ ಸದ್ದು ಕೇಳಿಸಿತು, ಜನ ಬರಲಿಲ್ಲ. ನಾನು ಓಡಿಹೋಗಿ ನೋಡಿದರೆ ದಫೇದಾರ್ ಸ್ಟೇಷನ್ನಿನ ಬಾಗಿಲಲ್ಲೇ ಹಗ್ಗ ಕಟ್ಟಿಸಿ, ಕೈ ಬೀಸಿ ಎಲ್ಲರನ್ನೂ ಇನ್ನೊಂದು ರಸ್ತೆಗೆ ತಿರುಗಿಸುತ್ತಿದ್ದ. "ಈ ಕಡೆ ಸಭೆ ಐತೆ, ಆ ಕಡೆ ಓಗಿ, ಆ ಕಡೆ ಓಗಿ." ಜನ ಅವನಿಗೆ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು.

ಸಭೆ ಮುಗಿದ ಮೇಲೆ ಅವನು ಸಾಹೇಬರ ಮುಂದೆ ನಿಂತು ವರದಿ ಒಪ್ಪಿಸಿದ. "ಸಭೆ ಶಾಂತಿಯುತ ಸಾರ್. ಎಲ್ಲೂ ನೂಕುನುಗ್ಗಲು ಇಲ್ಲ. ಯಾವುದೇ ಅಹಿತಕರ ಘಟನೆ ನಡೆದಿಲ್ಲ."

ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟು, "ಗುಡ್" ಎಂದರು. ನಾನಾಗಿದ್ದರೆ ಬೈಯುತ್ತಿದ್ದೆ.

ಸೋತರು. ಎಷ್ಟರಲ್ಲಿ ಎಂಬುದನ್ನು ಬರೆಯುವುದಿಲ್ಲ, ಅದು ಸೋಲು ಎನ್ನಲೂ ಸಾಲದಷ್ಟು ಸಣ್ಣ ವಿಷಯವಾಗಿತ್ತು. ಮತ ಎಣಿಕೆ ಕೋಲಾರದಲ್ಲಿ ನಡೆಯಿತು. ಮಧ್ಯಾಹ್ನದ ಹೊತ್ತಿಗೆಲ್ಲ ಹೊರಟೆವು. ಕಾರಿನ ಮುಂದಿನ ಸೀಟಿನಲ್ಲಿ ದಫೇದಾರ್, ಹಿಂದೆ ಸಾಹೇಬರು ಮತ್ತು ನಾನು. ದಾರಿಯಲ್ಲಿ ಸಾಹೇಬರು ಮಾವಿನ ತೋಪುಗಳನ್ನು ನೋಡುತ್ತ ಕೂತಿದ್ದರು. ಒಮ್ಮೆ ಮಾತ್ರ, "ನಮ್ಮೂರಿನ ಬೂತಿನಲ್ಲೂ ಯಾರೂ ಹಾಕಿಲ್ಲ ರೀ," ಎಂದರು. ಹಾಕಿದ್ದರು, ಕೆಲವರು. ಆ ಕೆಲವರಲ್ಲಿ ಮುದುಕಿ ಇಲ್ಲ ಎಂದು ಅವರು ತಾವೇ ತೀರ್ಮಾನಿಸಿಬಿಟ್ಟಿದ್ದರು.

ಬಂಗಾರಪೇಟೆಗೆ ಬಂದರೆ ಗೆದ್ದವರ ಮೆರವಣಿಗೆ. ರಸ್ತೆ ಪೂರ್ತಿ ಜನ, ತಮಟೆ, ಪಟಾಕಿ ಹೊಗೆ, ಮುಖದ ತುಂಬ ಬಣ್ಣ. ಕಾರು ಮುಂದೆ ಹೋಗುವ ಹಾಗಿರಲಿಲ್ಲ, ಹಿಂದೆ ಬರುವ ಹಾಗಿರಲಿಲ್ಲ. ನಮ್ಮ ಮುಂದೆ ಒಂದು ಹಾಲಿನ ಟೆಂಪೊ, ಅದರ ಮುಂದೆ ಬಸ್ಸು, ಬಸ್ಸಿನ ಮುಂದೆ ಕುಣಿತ.

"ನಾನು ಇಳಿದು ಕ್ಲಿಯರ್ ಮಾಡ್ತೀನಿ ಸಾರ್," ಎಂದ ದಫೇದಾರ್.

"ನೀವು ಕೂತ್ಕೊಳ್ಳಿ. ಇದು ಆರ್ಡರ್," ಎಂದು ಸಾಹೇಬರು ತಾವೇ ಬಾಗಿಲು ತೆಗೆದು ಇಳಿದರು.

ಅವರು ಯಾಕೆ ಇಳಿದರು? ಟ್ರಾಫಿಕ್ ಸರಿಮಾಡಲು ಎಂದು ದಫೇದಾರ್ ಇವತ್ತಿಗೂ ಹೇಳುತ್ತಾನೆ. ಅವರ ಕೈ ಒಮ್ಮೆ ಮೇಲೆದ್ದು ಬಸ್ಸಿನವನಿಗೆ ನಿಲ್ಲು ಎಂದದ್ದು ಕಾರಿನ ಗಾಜಿನಿಂದ ನಾನೂ ನೋಡಿದೆ. ಆದರೆ ಬಸ್ಸು ಮೊದಲೇ ನಿಂತಿತ್ತು. ಅಮ್ಮಾವ್ರ ಪ್ರಕಾರ ಅವರಿಗೆ ಮೂತ್ರಕ್ಕೆ ಅವಸರವಾಗಿತ್ತು. ಎರಡರಲ್ಲಿ ಯಾವುದನ್ನು ಆರಿಸಿದರೂ ಇನ್ನೊಂದು ನನ್ನನ್ನು ನೋಡಿ ನಗುತ್ತದೆ. ಹೊಗೆಯಲ್ಲಿ ಅವರ ಬಿಳಿ ತಲೆ ಸ್ವಲ್ಪ ದೂರ ಕಾಣಿಸಿತು, ಆಮೇಲೆ ಕಾಣಿಸಲಿಲ್ಲ.

ಮತ್ತೆ ಕಂಡಾಗ ಅವರು ಗುಂಪಿನ ನಟ್ಟನಡುವೆ ಇದ್ದರು. ಜನಕ್ಕೆ ಅವರು ಯಾರೆಂದು ನೋಡುವ ಪುರುಸೊತ್ತು ಇರಲಿಲ್ಲ. ಎಡದಿಂದ ಒಬ್ಬ ತಳ್ಳಿದ. ಬಲದಿಂದ ಇನ್ನೊಬ್ಬ ತಳ್ಳಿದ. ಯಾರೋ ಅವರ ಕೆನ್ನೆಗೆ ಹಿಡಿಗಟ್ಟಲೆ ಬಣ್ಣ ಮೆತ್ತಿದ. ಗೆದ್ದವರ ಪಕ್ಷದ ಶಾಲು ಹೊದ್ದು ತೂರಾಡುತ್ತಿದ್ದ ಒಬ್ಬ ದಢೂತಿ ಮನುಷ್ಯ ಅವರ ಕೊರಳಿಗೆ ತೋಳು ಹಾಕಿ ಎಳೆದುಕೊಂಡ.

"ಕುಣಿ ಮಾಮಾ! ಏನ್ ನಿಂತ್ಕಂಡಿದೀಯ ಸತ್ತೋರ್ ಮನೇಲ್ ನಿಂತಂಗೆ! ನಾವ್ ಗೆದ್ವಿ ಮಾಮಾ!"

ಕಾರಿನೊಳಗೆ ದಫೇದಾರನ ಕೈ ಬಾಗಿಲ ಹಿಡಿಯ ಮೇಲಿತ್ತು. "ಸಾರ್ ಮೇಲೆ ಕೈ ಹಾಕ್ತಾವ್ನೆ ಮೇಷ್ಟ್ರೇ! ಕುತ್ತಿಗೆಗೇ ಹಾಕ್ತಾವ್ನೆ!"

"ಆರ್ಡರ್ ಆಗಿದೆ, ಕೂತ್ಕೊಳ್ಳಪ್ಪಾ."

"ಅಯ್ಯೋ, ಅವರನ್ನ ಕುಣಿಸ್ತಾವ್ನೆ!"

ಕುಣಿಸುತ್ತಿದ್ದ. ಸಾಹೇಬರಿಗೆ ಗೊತ್ತಿದ್ದದ್ದು ಒಂದೇ ಹೆಜ್ಜೆ, ಪರೇಡಿನದು. ಅದನ್ನೇ ತಮಟೆಗೆ ಹೊಂದಿಸಿಕೊಂಡು ನಿಂತಲ್ಲೇ ಎಡ, ಬಲ, ಎಡ, ಬಲ ಎಂದು ಕಾಲೆತ್ತಿ ಹಾಕುತ್ತಿದ್ದರು. ದಢೂತಿಯವನಿಗೆ ಅದು ಬಹಳ ಹಿಡಿಸಿ ತಾನೂ ಹಾಗೇ ಮಾಡತೊಡಗಿದ. ಅವನನ್ನು ನೋಡಿ ಇನ್ನಷ್ಟು ಜನ.

ಬಹಳ ಹೊತ್ತಿನ ಮೇಲೆ ಸಾಹೇಬರು ಕಾರಿಗೆ ಬಂದು ಧೊಪ್ಪನೆ ಕೂತರು. ಕಿವಿಯೊಳಗೆಲ್ಲ ಬಣ್ಣ, ಒಂದು ಕಾಲಿನ ಚಪ್ಪಲಿ ಇಲ್ಲ. ಉಸಿರು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

"ಯಾರ್ರೀ ಅವನು? ನನ್ನನ್ನ ಮಾಮಾ ಅಂದ."

"ಹಿಡ್ಕೊಂಡ್ ಬರ್ಲಾ ಸಾರ್?" ಎಂದ ದಫೇದಾರ್.

"ಬೇಡ. ಅವನ ಮಗಳ ಮದುವೆ ಇದೆಯಂತೆ, ಬರ್ಲೇಬೇಕು ಅಂತ ಆಣೆ ಹಾಕಿಸ್ಕೊಂಡ. ಯಾವ ಊರು ಅಂತ ಹೇಳ್ಲೇ ಇಲ್ಲ."

ಮುಂದಿನ ಬಸ್ಸು ಸದ್ದು ಮಾಡಿ ಹೊರಡುವ ಲಕ್ಷಣ ತೋರಿಸಿತು. ಹಾಲಿನ ಟೆಂಪೊ ಅಲುಗಿತು. ಡ್ರೈವರು ಗೇರು ಹಾಕಿದ. ಸಾಹೇಬರು ಅವನ ಹೆಗಲು ತಟ್ಟಿ ತಡೆದು, ಇನ್ನೊಂದು ಕಾಲಿನ ಚಪ್ಪಲಿಯನ್ನೂ ಬಿಚ್ಚಿ ಸೀಟಿನ ಕೆಳಗೆ ತಳ್ಳಿದರು.

"ಒಂದ್ನಿಮಿಷ ಇರಿ. ಊರು ಯಾವ್ದು ಅಂತ ಕೇಳ್ಕೊಂಡು ಬರ್ತೀನಿ," ಎಂದು ಮತ್ತೆ ಬಾಗಿಲು ತೆಗೆದರು.